ಕರಡಪ್ಪನವರ ಒಂದು ತಪ್ಪು

ಪತ್ರಿಕೋದ್ಯಮದ ಸ್ನಾತಕೋತ್ತರ ತರಗತಿಯ ಮೊದಲ ದಿನ ಅವರು ಒಳಗೆ ಕಾಲಿಟ್ಟಾಗ, ಹೊಸ ಮೇಷ್ಟ್ರು ಬಂದರೆಂದು ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಅವರು ನಾಚಿಕೊಂಡು ಮೂರನೇ ಬೆಂಚಿನ ತುದಿಯಲ್ಲಿ ಕುಳಿತು, ಚೀಲದಿಂದ ಹೊಸ ನೋಟ್‌ಬುಕ್ಕು ತೆಗೆದು ಮೊದಲ ಪುಟದಲ್ಲಿ ತಾರೀಕು ಬರೆದರು. ಆಗ ತರಗತಿಯಲ್ಲಿ ಎದ್ದ ನಗು ನಿಲ್ಲಲು ಐದು ನಿಮಿಷ ಬೇಕಾಯಿತು.

ವಯಸ್ಸು ನಲವತ್ತೊಂಬತ್ತು. ಇಪ್ಪತ್ತಾರು ವರ್ಷ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿದ ಮನುಷ್ಯ. ಬೇರೆಯವರು ಬರೆದದ್ದರಲ್ಲಿ ಬಿಟ್ಟುಹೋದ ದೀರ್ಘ, ತಪ್ಪಿದ ಒತ್ತು, ಜಾಗ ಬದಲಿಸಿದ ಅಕ್ಷರ ಹುಡುಕುವುದೇ ಅವರ ಬದುಕಾಗಿತ್ತು. ಹುಡುಗರು ಒಂದೇ ವಾರದಲ್ಲಿ ‘ಕರಡಪ್ಪ’ ಎಂದು ಹೆಸರಿಟ್ಟರು. ಮೈಮೇಲಿನ ಕೂದಲು ನೋಡಿ ‘ಕರಡಿಯಪ್ಪ’ ಎಂದವರೂ ಇದ್ದರು. ಅವರಿಗೇನೂ ಬೇಸರವಾಗಲಿಲ್ಲ. “ಕರಡಿ ಅನ್ನೋದಾದ್ರೆ ಅನ್ನಿ. ಬರೆಯುವಾಗ ಮಾತ್ರ ಇಕಾರ ಸರಿಯಾಗಿ ಹಾಕಿ” ಎಂದರು.

ಪತ್ರಿಕೆ ಮುಚ್ಚಿದ ಮೇಲೆ ಆರು ತಿಂಗಳು ಮನೆಯಲ್ಲಿದ್ದು ಹಾಲಿನ ಪ್ಯಾಕೆಟ್ಟು, ಔಷಧಿ ಡಬ್ಬಿ, ಕರೆಂಟು ಬಿಲ್ಲು ಎಲ್ಲದರ ಮೇಲೂ ಕೆಂಪು ಪೆನ್ನು ಆಡಿಸಿದ್ದರು. ಕಣ್ಣಾಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಒಂದು ದಿನ ತಾಳ್ಮೆಗೆಟ್ಟು, “ನೀವು ಕಾಲೇಜಿಗಾದ್ರೂ ಹೋಗಿ, ಇಲ್ಲಾಂದ್ರೆ ನಾನು ಆಸ್ಪತ್ರೆಯಲ್ಲೇ ಇದ್ದುಬಿಡ್ತೀನಿ. ಅಷ್ಟು ವರ್ಷ ಊರಿನವರ ಸುದ್ದಿ ತಿದ್ದಿದ್ರಲ್ಲ, ಒಂದಾದ್ರೂ ಸ್ವಂತ ಬರೀರಿ” ಎಂದಿದ್ದರು.

ಸಮಸ್ಯೆ ಒಂದೇ. ಅದೇ ಕಾಲೇಜಿನ ಎರಡನೇ ವರ್ಷದಲ್ಲಿ ಅವರ ಮಗಳು ಓದುತ್ತಿದ್ದಳು. ಸುದ್ದಿ ಕೇಳಿದ ಅವಳು ಮರುದಿನ ಷರತ್ತು ಹಾಕಿದಳು. ಕಾಲೇಜಿನಲ್ಲಿ ‘ಪುಟ್ಟಿ’ ಎಂದು ಕರೆಯಕೂಡದು. ಊಟದ ಡಬ್ಬಿ ಹಿಡಿದು ಹಿಂದೆ ಬರಕೂಡದು. ಅವಳೂ ಅಷ್ಟೇ, ಮನೆಯಲ್ಲಿ ಏಕವಚನ, ಕಾಲೇಜಿನಲ್ಲಿ ಬಹುವಚನ. ಹೀಗೆ ಬೆಳಗ್ಗೆ “ಅಪ್ಪಾ, ನಿನ್ನ ಕನ್ನಡಕ ಬಚ್ಚಲಲ್ಲಿದೆ” ಎಂದವಳು ಹತ್ತು ಗಂಟೆಗೆ “ನಿಮ್ಮ ವರದಿ ಇನ್ನೂ ಬಂದಿಲ್ಲ” ಎನ್ನುತ್ತಿದ್ದಳು. ಆ ಅವಧಿಗೆ ವಿದ್ಯಾರ್ಥಿಗಳ ವಾರಪತ್ರಿಕೆಗೆ ಅವಳೇ ಸಂಪಾದಕಿ. ನಾಲ್ಕೇ ಪುಟದ ಪತ್ರಿಕೆಯಾದರೂ ಸುತ್ತಲಿನ ಬಡಾವಣೆಗಳಿಗೆ ಹೋಗುತ್ತಿತ್ತು, ಜನ ಓದುತ್ತಿದ್ದರು.

ಕರಡಪ್ಪನವರ ವರದಿ ಬಾರದೆ ಇರಲು ಕಾರಣವಿತ್ತು. ಅಪರಿಚಿತರನ್ನು ಪ್ರಶ್ನೆ ಕೇಳುವುದೆಂದರೆ ಅವರಿಗೆ ನಾಲಿಗೆ ಒಣಗುತ್ತಿತ್ತು. ವರದಿಗಾರಿಕೆ ಕಲಿಸುವ ಮೇಡಂ, ಹಿಂದೆ ಅಪರಾಧ ಸುದ್ದಿಗೆ ಊರೆಲ್ಲ ಅಲೆದವರು, ಅವರನ್ನು ಕರೆದು ಹೇಳಿದರು: “ನೋಡಿ, ನೀವು ಬಸ್ ಡಿಪೋ ನೋಡ್ಕೊಳ್ಳಿ. ಅಲ್ಲಿಗೆ ಹೋಗಿ, ಯಾರನ್ನಾದ್ರೂ ಮಾತಾಡ್ಸಿ. ಬರಿಗೈಲಿ ವಾಪಸ್ ಬರಬೇಡಿ.”

ಮೂರು ದಿನ ಅವರು ಡಿಪೋದ ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಕುಳಿತು ಬಂದರು. ಬಸ್ಸುಗಳು ಹೊರಟವು, ಬಂದವು. ಯಾರನ್ನೂ ಮಾತನಾಡಿಸಲಾಗಲಿಲ್ಲ. ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರದ ಫಲಕವೊಂದಿತ್ತು: ‘ಪ್ರಯಾಣಿಕರ ಸುರಕ್ಷತೆಯೇ ನಮ್ಮ ಗರಿ.’ ಮೊದಲ ದಿನ ಅದನ್ನು ನೋಡಿ ಮುಖ ತಿರುಗಿಸಿದರು. ಎರಡನೆಯ ದಿನ ಕೈ ತುರಿಸಿತು. ಮೂರನೆಯ ದಿನ ಸುತ್ತ ನೋಡಿ, ಎದ್ದು ಹೋಗಿ, ದಪ್ಪ ಪೆನ್ನಿನಿಂದ ‘ಗ’ ಅಕ್ಷರದ ಪಕ್ಕದಲ್ಲೊಂದು ಕೊಂಬು ಎಳೆದು ‘ಗುರಿ’ ಮಾಡಿದರು.

“ಏನ್ರೀ ಯಜಮಾನ್ರೇ!” ಹಿಂದಿನಿಂದ ದನಿ ಬಂತು. ಪೆನ್ನನ್ನು ಬೆನ್ನ ಹಿಂದೆ ಅಡಗಿಸಿ ತಿರುಗಿದರೆ, ಎಣ್ಣೆಮಸಿ ಮೆತ್ತಿದ ಅಂಗಿಯ ಹಿರಿಯ ಮೆಕ್ಯಾನಿಕ್ಕು. “ಮೂರು ದಿನದಿಂದ ನೋಡ್ತಿದೀನಿ. ಇಲ್ಲೇ ಕೂತಿರ್ತೀರಿ. ಬಸ್ಸೇನಾದ್ರೂ ಕಳ್ಕೊಂಡಿದೀರಾ?”

ಕರಡಪ್ಪ ತಡವರಿಸುತ್ತ ಎಲ್ಲ ಹೇಳಿದರು: ಕಾಲೇಜು, ಮಗಳು, ಮೇಡಂ, ಒಣಗುವ ನಾಲಿಗೆ. ಮೆಕ್ಯಾನಿಕ್ಕು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಫಲಕದ ಕಡೆ ನೋಡಿ ನಗು ನಿಲ್ಲಿಸಿದ.

“ಕೊಂಬೇನೋ ಹಾಕಿದ್ರಿ. ಒಳಗಿರೋದನ್ನ ಯಾರು ತಿದ್ತಾರೆ?”

ಅಂದು ಮಧ್ಯಾಹ್ನ ಅವನು ಹೇಳಿದ್ದು ಇಷ್ಟು. ಚಕ್ರದೊಳಗೆ ಉಜ್ಜಿ ಬಸ್ಸನ್ನು ನಿಲ್ಲಿಸುವ ಪಟ್ಟಿಗೆ ಬ್ರೇಕ್ ಲೈನಿಂಗ್ ಎನ್ನುತ್ತಾರೆ. ಸವೆದಾಗ ಹೊಸದು ಹಾಕಬೇಕು. ವರ್ಷದಿಂದ ಹೊಸದು ಕಾಗದದಲ್ಲಿ ಮಾತ್ರ ಬರುತ್ತಿದೆ. ಬಸ್ಸಿಗೆ ಬೀಳುವುದು ಕಳಚಿಟ್ಟ ಹಳೆಯದೇ, ಹೊಸ ಮೊಳೆ ಹೊಡೆದು. ಹೀಗೆ ಓಡುತ್ತಿರುವ ಬಸ್ಸು ಹದಿನಾಲ್ಕು. ಕರಡಪ್ಪನವರ ನೋಟ್‌ಬುಕ್ಕು ತೆಗೆದುಕೊಂಡು ಹದಿನಾಲ್ಕು ನಂಬರುಗಳನ್ನೂ ತಾನೇ ಬರೆದುಕೊಟ್ಟ. ಪುಟದ ತುಂಬ ಹೆಬ್ಬೆರಳಿನ ಮಸಿ.

“ಹೆಸರು ಮಾತ್ರ ಬೇಡ ಸ್ವಾಮಿ. ಕೆಲಸ ಹೋಗುತ್ತೆ. ಮಕ್ಕಳ ಓದು ಇನ್ನೂ ಮುಗಿದಿಲ್ಲ.”

“ಸತ್ಯವಾಗ್ಲೂ ಹಾಕಲ್ಲ” ಎಂದರು ಕರಡಪ್ಪ.

ಬಂದು ವರದಿ ಬರೆದರು. ಮೇಡಂ ಹೇಳಿದಂತೆ ಡಿಪೋ ಮ್ಯಾನೇಜರಿಗೆ ಫೋನು ಮಾಡಿ ಅಭಿಪ್ರಾಯವನ್ನೂ ಕೇಳಿದರು. ಆತ “ನಮ್ಮಲ್ಲಿ ಎಲ್ಲಾ ಸರಿಯಿದೆ, ಇಡಿ ಫೋನು” ಎಂದ. ಆ ಮಾತೂ ವರದಿಯಲ್ಲಿ ಬಂತು. ಹೇಳಿದವರು ಯಾರೆಂದು ಸಂಪಾದಕಿಗೂ ಮೇಡಂಗೂ ಮಾತ್ರ ತಿಳಿಸಿದರು. ಶುಕ್ರವಾರ ಪತ್ರಿಕೆ ಹೊರಬಿತ್ತು. ಮೊದಲ ಪುಟ, ಅವರದೇ ಹೆಸರು. ಹೆಂಡತಿ ಐದು ಪ್ರತಿ ಆಸ್ಪತ್ರೆಗೆ ಒಯ್ದು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರಿಗೂ ಓದಿ ಹೇಳಿದರಂತೆ.

ಸೋಮವಾರ ಡಿಪೋ ಮ್ಯಾನೇಜರು ಕಾಲೇಜಿನ ನಿರ್ದೇಶಕರ ಕೋಣೆಗೆ ಬಂದ. ಕೈಯಲ್ಲೊಂದು ಪತ್ರ. ವರದಿಯಲ್ಲಿದ್ದ ಹದಿನಾಲ್ಕು ಬಸ್ಸುಗಳಿಗೂ ಕಳೆದ ತಿಂಗಳೇ ಹೊಸ ಲೈನಿಂಗ್ ಹಾಕಲಾಗಿದೆಯೆಂದು, ಒಂದೊಂದರ ಮುಂದೆ ತಾರೀಕು, ಕೆಳಗೆ ಸಹಿ, ಮೊಹರು. ಅವನು ಹೊರಟ ಮೇಲೆ ನಿರ್ದೇಶಕರು ಕರಡಪ್ಪ, ಮಗಳು, ಮೇಡಂ ಮೂವರನ್ನೂ ಕರೆಸಿದರು.

“ಅವರ ಹತ್ರ ಮೊಹರು ಹಾಕಿದ ಕಾಗದ ಇದೆ. ನಿಮ್ಮ ಹತ್ರ ಏನಿದೆ?” ಎಂದು ಕರಡಪ್ಪನವರನ್ನು ಕೇಳಿದರು.

“ಟಿಪ್ಪಣಿ ಇದೆ ಸರ್.”

“ತೋರಿಸಿ.”

ನೋಟ್‌ಬುಕ್ಕು ಚೀಲದಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟರೆ ಮುಗಿಯುತ್ತಿತ್ತು. ಆದರೆ ನಿರ್ದೇಶಕರು ಅದನ್ನು ಮ್ಯಾನೇಜರಿಗೆ ತೋರಿಸದೆ ಬಿಡುವವರಲ್ಲ. ಆ ಕೈಬರಹವನ್ನು ಡಿಪೋದಲ್ಲಿ ಗುರುತಿಸದವರಿಲ್ಲ. ಕರಡಪ್ಪ ಚೀಲವನ್ನು ಎದೆಗೆ ಒತ್ತಿಕೊಂಡರು. “ಆಗಲ್ಲ ಸರ್. ಮಾತು ಕೊಟ್ಟಿದೀನಿ.”

“ಹಾಗಾದ್ರೆ ಶುಕ್ರವಾರದ ಸಂಚಿಕೆಯಲ್ಲಿ ಕ್ಷಮಾಪಣೆ ಹಾಕಿ. ಮೊದಲ ಪುಟದಲ್ಲೇ. ನಮ್ಮದು ಕಲಿಯೋ ಪತ್ರಿಕೆ, ಕೋರ್ಟಿಗೆ ಅಲೆಯೋಕೆ ಇರೋದಲ್ಲ.” ನಿರ್ದೇಶಕರು ಮಗಳ ಕಡೆ ತಿರುಗಿದರು. “ಸಂಪಾದಕಿ ನೀನು. ತಂದೆ ಅನ್ನೋ ಕಾರಣಕ್ಕೆ ಹಿಂದೆಮುಂದೆ ನೋಡಬೇಡ.”

ಅವಳ ಮುಖ ಕೆಂಪಾಯಿತು. “ತಂದೆ ಅಂತ ನಾನು ಒಂದು ಸಾಲೂ ಬಿಟ್ಟಿಲ್ಲ ಸರ್. ಎರಡು ಸಲ ತಿರುಗಿ ಬರೆಸಿದೀನಿ. ಈ ಸುದ್ದಿ ಸುಳ್ಳು ಅಂತ ಗೊತ್ತಾದ್ರೆ ಕ್ಷಮೆ ನಾನೇ ಬರೀತೀನಿ. ಗೊತ್ತಾಗೋವರೆಗೂ ಬರೆಯಲ್ಲ.” ಆಮೇಲೆ ಅಪ್ಪನ ಕಡೆ ನೋಡಿ, ಎಲ್ಲ ಷರತ್ತು ಮರೆತು ಹೇಳಿದಳು: “ನೀನು ಸುಮ್ನಿರಪ್ಪಾ, ಚೀಲ ಬಿಚ್ಚಬೇಡ.”

ಮೇಡಂ ಕಿಟಕಿಯ ಕಡೆ ಮುಖ ಮಾಡಿ ನಗು ಅಡಗಿಸಿಕೊಂಡರು. ನಿರ್ದೇಶಕರು ಮಾತ್ರ ಶುಕ್ರವಾರದ ಗಡುವು ಸಡಿಲಿಸಲಿಲ್ಲ.

ಆ ಎರಡು ದಿನ ಮನೆಯಲ್ಲಿ ಊಟ ಯಾರಿಗೂ ಸೇರಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರ ಹೋಗುವಂತಿಲ್ಲ, ಹೋದರೆ ಅವನೇ ಸಿಕ್ಕಿಬೀಳುತ್ತಾನೆ. ಹೆಂಡತಿ ಒಮ್ಮೆ ಮಾತ್ರ ಕೇಳಿದರು. “ನೀವು ಬರೆದದ್ದು ಸರಿ ತಾನೇ?”

“ಸರಿ.”

“ಮತ್ಯಾಕೆ ಮುಖ ಹೀಗೆ?”

“ಸರಿ ಅಂತ ನನಗೊಬ್ಬನಿಗೆ ಗೊತ್ತಿದ್ದರೆ ಸಾಕಾಗಲ್ಲವಲ್ಲ.”

ಬುಧವಾರ ಮಧ್ಯಾಹ್ನ ವಿದ್ಯಾರ್ಥಿ ಪತ್ರಿಕೆಯ ಕೋಣೆಯಲ್ಲಿ ಕೂತು, ಬೇರೇನೂ ತೋಚದೆ, ಕರಡಪ್ಪ ತಮ್ಮ ಹಳೆಯ ಕೆಲಸಕ್ಕೆ ಕೈಹಾಕಿದರು. ಅಚ್ಚಾದ ವರದಿಯನ್ನು ಕೆಳಗಿನಿಂದ ಮೇಲಕ್ಕೆ, ಒಂದೊಂದು ಸಾಲಿನ ಕೆಳಗೂ ಅಡಿಪಟ್ಟಿ ಇಟ್ಟು, ಹಿಂದುಮುಂದಾಗಿ ಓದುವುದು. ಅರ್ಥ ಅಡ್ಡ ಬರಬಾರದು, ಅಕ್ಷರ ಮಾತ್ರ ಕಾಣಬೇಕು. ಇಪ್ಪತ್ತಾರು ವರ್ಷ ಬೇರೆಯವರ ಬರಹವನ್ನು ಹೀಗೆ ಓದಿದ್ದರು. ತಮ್ಮದೇ ಮೊದಲ ವರದಿಯನ್ನು ಸಂಭ್ರಮದಲ್ಲಿ ನೇರವಾಗಿ ಓದಿ ಮುಗಿಸಿದ್ದರು.

ನಂಬರುಗಳ ಪಟ್ಟಿಗೆ ಬಂದರು. ಪಕ್ಕದಲ್ಲಿ ಮಸಿಯ ಪುಟ. ಹದಿನಾಲ್ಕನೆಯದು ಸರಿ. ಹದಿಮೂರನೆಯದು ಸರಿ. ಒಂಬತ್ತನೆಯದರ ಹತ್ತಿರ ಅಡಿಪಟ್ಟಿ ನಿಂತಿತು. ಮೆಕ್ಯಾನಿಕ್ಕು ಬರೆದದ್ದು 4127. ಅಚ್ಚಾದದ್ದು 4172.

ಕನ್ನಡಕ ಒರೆಸಿ ಮತ್ತೆ ನೋಡಿದರು. ಎರಡೂ ಏಳೂ ಜಾಗ ಬದಲಿಸಿ ಆರಾಮಾಗಿ ಕೂತಿದ್ದವು. ತಾವು ಟೈಪ್ ಮಾಡಿಕೊಟ್ಟ ಮೂಲಪ್ರತಿ ತೆಗೆದರು, ಅಲ್ಲೂ ಹಾಗೇ. ತಪ್ಪು ಅಚ್ಚಿನದಲ್ಲ, ಅವರ ಕೈಯದೇ. ಊರಿನ ತಪ್ಪೆಲ್ಲ ಹಿಡಿದವರು ತಮ್ಮ ಒಂದೇ ಒಂದು ವರದಿಯಲ್ಲಿ, ಅದೂ ಇಂಥ ವರದಿಯಲ್ಲಿ, ಮುಗ್ಗರಿಸಿದ್ದರು. ಒಂದು ನಂಬರು ತಪ್ಪೆಂದರೆ ಉಳಿದ ಹದಿಮೂರನ್ನು ಯಾರು ನಂಬುತ್ತಾರೆ?

ಒಂದು ಕ್ಷಣ ನೋಟ್‌ಬುಕ್ಕು ಮುಚ್ಚಿ ಸುಮ್ಮನಿದ್ದುಬಿಡೋಣವೆನಿಸಿತು. ಯಾರೂ ನೋಡಿರಲಿಲ್ಲ. ಕಾಲು ಮಾತ್ರ ಸಂಪಾದಕಿಯ ಮೇಜಿನ ಕಡೆ ನಡೆಯಿತು.

“ಒಂದು ತಪ್ಪಾಗಿದೆ” ಎಂದರು. ಮಸಿಯ ಪುಟವನ್ನೂ ಅಚ್ಚಾದ ವರದಿಯನ್ನೂ ಮೇಜಿನ ಮೇಲಿಟ್ಟರು. “ನನ್ನದೇ.”

ಮಗಳು ಎರಡೂ ಕಾಗದ ನೋಡಿದಳು. ತಲೆಯ ಮೇಲೆ ಕೈಹೊತ್ತು ಕಣ್ಣು ಮುಚ್ಚಿದಳು. “ಅಯ್ಯೋ ಅಪ್ಪಾ. ಇಷ್ಟು ಸಾಕು ಅವರಿಗೆ.”

“ಕ್ಷಮಾಪಣೆ ನಾನೇ ಬರೀತೀನಿ. ನಿನ್ನ ಹೆಸರು ಬರದ ಹಾಗೆ…”

“ಸ್ವಲ್ಪ ತಡಿ.” ಅವಳು ಕಣ್ಣು ಬಿಟ್ಟಳು. “ಇವತ್ತಿನವರೆಗೂ ಅವರು ಇದನ್ನ ಹಿಡಿದಿಲ್ಲ ಯಾಕೆ? ತಮ್ಮ ಡಿಪೋದ ಬಸ್ಸಿನ ನಂಬರು ತಪ್ಪಿದ್ರೆ ಮೊದಲು ಅದನ್ನೇ ಎತ್ತಿ ಆಡಬೇಕಿತ್ತಲ್ಲ?” ಕಡತದಿಂದ ಮ್ಯಾನೇಜರನ ಪತ್ರದ ಪ್ರತಿಯನ್ನು ಎಳೆದು, ಬೆರಳಿಟ್ಟು ಇಳಿಯುತ್ತ ಬಂದಳು. ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು.

‘4172 — ಹೊಸ ಲೈನಿಂಗ್ ಅಳವಡಿಸಿ ಪರೀಕ್ಷಿಸಲಾಗಿದೆ.’ ಮುಂದೆ ತಾರೀಕು.

ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕರಡಪ್ಪ ಪಟ್ಟಿಯನ್ನು ಸಾಲುಸಾಲಾಗಿ ತಮ್ಮ ವರದಿಯ ಜೊತೆ ಹೋಲಿಸಿದರು. ಹದಿನಾಲ್ಕೂ ನಂಬರು ಅದೇ ಕ್ರಮ. ಡಿಪೋದ ದಾಖಲೆ ನೋಡಿ ಬರೆದ ಪಟ್ಟಿಯಲ್ಲ ಅದು. ಪತ್ರಿಕೆ ಮುಂದಿಟ್ಟುಕೊಂಡು ಇಳಿಸಿಕೊಂಡದ್ದು.

“ಆದ್ರೆ 4172 ಅನ್ನೋ ಬಸ್ಸು ನಿಜವಾಗ್ಲೂ ಇದ್ರೆ?” ಎಂದಳು ಮಗಳು.

“ಹೋಗಿ ಕೇಳ್ಬೇಕು” ಎಂದರು ಕರಡಪ್ಪ. ಹಾಗೆಂದದ್ದು ತಾವೇ ಎಂದು ಅವರಿಗೂ ನಂಬಿಕೆಯಾಗಲಿಲ್ಲ.

ಸಂಪಾದಕಿಯೂ ಜೊತೆಗೆ ಹೊರಟಳು. ಡಿಪೋದ ಗೇಟಿನಲ್ಲಿ ಕಾವಲುಗಾರ ಬಂದ ಬಸ್ಸುಗಳ ನಂಬರು ಬರೆದುಕೊಳ್ಳುತ್ತ ನಿಂತಿದ್ದ. ಕರಡಪ್ಪ ನೇರವಾಗಿ ಅವನ ಹತ್ತಿರ ಹೋಗಿ ಕೇಳಿದರು. “4172 ಯಾವ ಕಡೆ ಓಡುತ್ತೆ?”

ಕಾವಲುಗಾರ ತಲೆ ಎತ್ತದೆ ನಕ್ಕ. “ಅದೆಲ್ಲಿ ಓಡುತ್ತೆ ಸ್ವಾಮಿ? ಎರಡು ವರ್ಷ ಆಯ್ತು ಗುಜರಿಗೆ ಹೋಗಿ. ಇಷ್ಟೊತ್ತಿಗೆ ಯಾರ ಮನೆ ಬಾಂಡ್ಲಿ ಆಗಿದೆಯೋ!”

ಮಗಳು ಅಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಮ್ಯಾನೇಜರನ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಇಬ್ಬರನ್ನೂ ನೋಡಿ ಆತ ಕುರ್ಚಿಗೆ ಒರಗಿದ. “ಕ್ಷಮೆ ಕೇಳೋಕೆ ಬಂದ್ರಾ? ಬಾಯಿಮಾತಲ್ಲಿ ಬೇಡ, ಅಚ್ಚಾಗ್ಲಿ.”

“ಇಲ್ಲ ಸರ್, ಒಂದು ಬಸ್ಸು ನೋಡ್ಬೇಕಿತ್ತು” ಎಂದರು ಕರಡಪ್ಪ. ನಾಲಿಗೆ ಒಣಗಿತ್ತು, ಆದರೂ ಮಾತು ಬಂತು. “ನಿಮ್ಮ ಪಟ್ಟಿಯಲ್ಲಿ ಒಂಬತ್ತನೆಯದು. 4172. ಹೊಸ ಲೈನಿಂಗ್ ಹಾಕಿದ್ದು ಕಣ್ಣಾರೆ ನೋಡಿದ್ರೆ ಹಾಗೇ ಬರೀತೀವಿ.”

“ಅದಕ್ಕೇನಂತೆ, ನೋಡಿ.” ಗುಮಾಸ್ತನನ್ನು ಕೂಗಿ ಬಸ್ಸು ಎಲ್ಲಿದೆಯೆಂದು ನೋಡಿ ಬರಲು ಕಳಿಸಿದ. ಐದು ನಿಮಿಷ ಕಳೆಯಿತು. ಗುಮಾಸ್ತ ಬಂದು ಕಿವಿಯಲ್ಲಿ ಏನೋ ಉಸುರಿದ. ಮ್ಯಾನೇಜರನ ಕತ್ತಿನ ನರ ಉಬ್ಬಿತು. ಪತ್ರ ಕೈಗೆತ್ತಿಕೊಂಡು ನೋಡಿ ಮತ್ತೆ ಕೆಳಗಿಟ್ಟ.

“ಅದು… ಟೈಪಿಂಗ್ ಮಿಸ್ಟೇಕು.”

“ಟೈಪಿಂಗ್ ಮಿಸ್ಟೇಕು ನಂದು ಸರ್” ಎಂದರು ಕರಡಪ್ಪ, ಬಹಳ ವಿನಯದಿಂದ. “ನಿಮಗೆ ಹೇಗೆ ಬಂತು ಅಂತ ಕೇಳೋಣ ಅಂತ ಬಂದೆ.”

ಮ್ಯಾನೇಜರು ಪತ್ರವನ್ನು ಡ್ರಾಯರಿನೊಳಗೆ ತಳ್ಳಿದ. ಸಂಪಾದಕಿ ಪೆನ್ನು ತೆಗೆದು, ‘ಉತ್ತರಿಸಲಿಲ್ಲ’ ಎಂದು ಬರೆದುಕೊಂಡು, ಅವನಿಗೂ ಓದಿ ಹೇಳಿ, ಕೈಮುಗಿದು ಹೊರಬಂದಳು.

ಗೇಟು ದಾಟಿದ ಮೇಲೆ ಕರಡಪ್ಪ ಹೋಗಿ ತಮ್ಮ ಹಳೆಯ ಕಲ್ಲುಬೆಂಚಿನ ಮೇಲೆ ಕುಳಿತರು. ಮಗಳು ಪಕ್ಕದಲ್ಲಿ ಕೂತಳು. ಮೊದಲು ಯಾರು ನಕ್ಕರೋ ತಿಳಿಯದು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾವಲುಗಾರ ಇವರಿಗೇನೋ ಆಗಿದೆಯೆಂದು ಒಂದು ಚೊಂಬು ನೀರು ತಂದುಕೊಟ್ಟ.

ನಿರ್ದೇಶಕರು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಗುಜರಿಗೆ ಹೋದ ಬಸ್ಸಿನ ಸಂಗತಿ ಕೇಳಿದರು. ಆಮೇಲೆ ತಾವೇ ಸಾರಿಗೆ ಸುರಕ್ಷತಾ ಅಧಿಕಾರಿಗೆ ಫೋನು ಮಾಡಿದರು. ಗುರುವಾರ ಬೆಳಗ್ಗೆ ಅಧಿಕಾರಿಗಳು ಡಿಪೋಗೆ ಬಂದು ಆ ಬಸ್ಸುಗಳನ್ನೆಲ್ಲ ರಸ್ತೆಗೆ ಬಿಡದೆ ಚಕ್ರ ಬಿಚ್ಚಿಸಿದರು. ಹದಿನಾಲ್ಕರಲ್ಲೂ ಹಳೆಯ ಲೈನಿಂಗ್, ಹೊಸ ಮೊಳೆ. ಎಲ್ಲಕ್ಕಿಂತ ಸವೆದದ್ದು 4127ರದು. ಅದು ದಿನಕ್ಕೆ ಆರು ಸಲ ಗುಡ್ಡದ ಮೇಲಿನ ಶಾಲೆಯಿಂದ ಮಕ್ಕಳನ್ನು ತುಂಬಿಕೊಂಡು ಇಳಿಜಾರಿನಲ್ಲಿ ಬರುವ ಬಸ್ಸು. ಅಧಿಕಾರಿ ಆ ಲೈನಿಂಗನ್ನು ಬೆರಳಲ್ಲಿ ಹಿಡಿದು ನೋಡಿ, “ಇನ್ನು ಎಷ್ಟು ದಿನವಿತ್ತೋ” ಎಂದಷ್ಟೇ ಹೇಳಿದರಂತೆ. ಅದನ್ನು ಕೇಳಿದಾಗ ಕರಡಪ್ಪನವರಿಗೆ ಹೆಮ್ಮೆಯೇನೂ ಆಗಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ. ಎಲ್ಲ ಮಕ್ಕಳೂ ಅಂದು ಮನೆಗೆ ಹೋಗಿದ್ದರು.

ಯಾರು ಹೇಳಿದರೆಂದು ಮತ್ತೆ ಯಾರೂ ಕೇಳಲಿಲ್ಲ, ಬಸ್ಸುಗಳೇ ಬಾಯಿಬಿಟ್ಟ ಮೇಲೆ ಕೇಳುವ ಅಗತ್ಯವೂ ಇರಲಿಲ್ಲ. ಮ್ಯಾನೇಜರನ ಮೇಲೆ ವಿಚಾರಣೆ ಶುರುವಾಗಿ ಬೇರೊಬ್ಬರು ಬಂದರು. ಶುಕ್ರವಾರ ಎರಡನೆಯ ವರದಿ ಮೊದಲ ಪುಟದಲ್ಲಿ ಬಂತು. ಅದರ ಕೆಳಗೇ ಚೌಕದಲ್ಲಿ, ಹಿಂದಿನ ವಾರ ಒಂದು ಬಸ್ಸಿನ ನಂಬರು ತಪ್ಪಾಗಿ ಅಚ್ಚಾಗಿತ್ತೆಂದೂ ಅದಕ್ಕೆ ವಿಷಾದವಿದೆಯೆಂದೂ ಸಂಪಾದಕಿ ಹಾಕಿದ್ದಳು.

“ಆ ತಪ್ಪಿನಿಂದ ತಾನೇ ನಾವು ಉಳಿದದ್ದು? ಬಿಡಬಾರದಿತ್ತಾ?” ಎಂದು ಕರಡಪ್ಪ ಗೊಣಗಿದರು.

“ತಪ್ಪು ತಪ್ಪೇ. ನಿಮ್ಮ ವರದಿ ಅಂತ ಬಿಡೋಕಾಗುತ್ತಾ?” ಎಂದಳು ಅವಳು, ಕಾಲೇಜಿನ ದನಿಯಲ್ಲಿ.

ಭಾನುವಾರ ಹಿರಿಯ ಮೆಕ್ಯಾನಿಕ್ಕು ಮನೆಗೇ ಬಂದ. ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನನ್ನು ಗುರುತಿಸಲು ಕರಡಪ್ಪನವರಿಗೆ ಅರೆಗಳಿಗೆ ಹಿಡಿಯಿತು. ಕುರ್ಚಿಯ ತುದಿಯಲ್ಲಿ ಕುಳಿತು ಚಹದ ಲೋಟ ತಿರುಗಿಸುತ್ತ ಹೇಳಿದ: “ಸೋಮವಾರನೇ ಸಾಮಾನು ಪೆಟ್ಟಿಗೆ ಕಟ್ಟಿಟ್ಟಿದ್ದೆ ಸ್ವಾಮಿ. ನೀವು ನನ್ನ ಹೆಸರು ಹೇಳೇ ಹೇಳ್ತೀರಿ ಅಂತ. ಹೆಂಡ್ತಿಗೂ ಹೇಳಿರ್ಲಿಲ್ಲ. ಒಬ್ಬನೇ ಒದ್ದಾಡಿದೆ.”

“ಕೇಳಿದ್ರು. ಹೇಳ್ಲಿಲ್ಲ” ಎಂದರು ಕರಡಪ್ಪ.

“ಗೊತ್ತಾಯ್ತು.” ಅವನ ಕಣ್ಣು ತುಂಬಿತು. ಲೋಟ ಬರಿದು ಮಾಡಿ, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡ. ಆಮೇಲೆ ಒಂದು ಗಂಟೆ ತನ್ನ ಮಕ್ಕಳ ತಂಟೆ, ಡಿಪೋದ ತಮಾಷೆ ಹೇಳುತ್ತ ಕೂತ.

ಮುಂದಿನ ವಾರ ಒಂದು ಸಂಜೆ ಕರಡಪ್ಪ ಹೆಂಡತಿಯನ್ನು ಕರೆತರಲು ಕಣ್ಣಾಸ್ಪತ್ರೆಗೆ ಹೋಗಿದ್ದರು. ಇಬ್ಬರೂ ಬಸ್ಸು ಹತ್ತಿದರು. ಕೂರಲು ಜಾಗವಿರಲಿಲ್ಲ, ಮೇಲಿನ ಕಂಬಿ ಹಿಡಿದು ನಿಂತರು. ಸಿಗ್ನಲ್ಲಿನಲ್ಲಿ ಡ್ರೈವರು ಬ್ರೇಕು ಒತ್ತಿದನೋ ಇಲ್ಲವೋ, ಬಸ್ಸು ಇದ್ದಲ್ಲೇ ಕಚ್ಚಿ ನಿಂತಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಒಬ್ಬ ಅಜ್ಜಿಯ ಚೀಲದಿಂದ ಈರುಳ್ಳಿ ಉರುಳಿದವು.

“ಏನಪ್ಪಾ ಇದು, ಹಿಂಗಾ ನಿಲ್ಸೋದು? ಸೊಂಟ ಮುರೀತು!” ಎಂದು ಅಜ್ಜಿ ಕೂಗಾಡಿದಳು.

“ಹೊಸ ಬ್ರೇಕು ಕಣಜ್ಜಿ, ಇನ್ನೂ ಕಾಲಿಗೆ ಒಗ್ಗಿಲ್ಲ” ಎಂದ ಡ್ರೈವರು.

ಇಡೀ ಬಸ್ಸು ಗೊಣಗುತ್ತಿದ್ದಾಗ ಕರಡಪ್ಪನವರು ಮಾತ್ರ ಬಾಯ್ತುಂಬ ನಗುತ್ತಿದ್ದರು. ಹೆಂಡತಿ ಮೊಣಕೈಯಿಂದ ತಿವಿದು, “ಜನ ನೋಡ್ತಿದಾರೆ, ಸುಮ್ನಿರ್ರೀ” ಎಂದರು. ಅವರಿಂದ ಸುಮ್ಮನಿರಲಾಗಲಿಲ್ಲ. ಬಗ್ಗಿ, ಸೀಟುಗಳ ಕೆಳಗೆ ಕೈ ಚಾಚಿ, ಅಜ್ಜಿಯ ಈರುಳ್ಳಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು.